ಸೋಗಾನೆ ವಿಮಾನ ಲೇಟಾ? ಹಿಂದಿನ ಊರಲ್ಲೇ ಗೊತ್ತಾಗುತ್ತದೆ: ಫ್ಲೈಟ್‌ರಾಡಾರ್24 ಬಳಸಿದವನ ಅನುಭವ

ನೀವು ಹತ್ತುವ ವಿಮಾನ ಲೇಟಾಗುತ್ತದಾ ಅಂತ ತಿಳಿಯಲು ಅದರ ಸ್ಟೇಟಸ್ ನೋಡಿ ಪ್ರಯೋಜನ ಇಲ್ಲ. ಕೊನೇ ಗಳಿಗೆವರೆಗೂ ಅದು 'ಆನ್ ಟೈಮ್' ಅಂತಲೇ ಇರುತ್ತದೆ. ನೋಡಬೇಕಾದ್ದು ಆ ವಿಮಾನ ಈಗ ಎಲ್ಲಿದೆ, ಬೆಳಗ್ಗೆಯಿಂದ ಎಲ್ಲೆಲ್ಲಿ ಸುತ್ತಿ ಬರುತ್ತಿದೆ ಅಂತ. ಈ ಒಂದೇ ಕೆಲಸಕ್ಕೆ ನಾನು, ಹಾರುತ್ತಿರುವ ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್ ಇಟ್ಟುಕೊಂಡಿದ್ದೇನೆ. ಸೋಗಾನೆಯಲ್ಲಿ, ಅಂದರೆ ನಮ್ಮ ಶಿವಮೊಗ್ಗ ಏರ್‌ಪೋರ್ಟ್‌ನಲ್ಲಿ, ಪ್ರಯಾಣಿಕರ ವಿಮಾನ ಶುರುವಾಗಿದ್ದು 2023ರ ಆಗಸ್ಟ್ 31ರಂದು. ಅದರ ಮುಂದಿನ ಮಳೆಗಾಲದಿಂದ ಬಳಸುತ್ತಿದ್ದೇನೆ. ಒಂದು ರೂಪಾಯಿ ಕೊಟ್ಟಿಲ್ಲ, ಜಾಹೀರಾತು ಸಹಿಸಿಕೊಂಡಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿಯಿಂದಲೂ ಒಳಗೆ. ಅಪ್ಪಯ್ಯನಿಗೆ ಬೆಂಗಳೂರಲ್ಲಿ ಆಗಾಗ ಚೆಕಪ್ ಇರುತ್ತದೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂರಲು ಅವರ ಸೊಂಟ ಒಪ್ಪುವುದಿಲ್ಲ. ಹಾಗಾಗಿ ವಿಮಾನ. ಏರ್‌ಪೋರ್ಟ್‌ಗೆ ಎರಡು ತಾಸಿನ ದಾರಿ. ಬೇಗ ಹೋದರೆ ಅಲ್ಲಿ ಸುಮ್ನೆ ಕೂರಬೇಕು, ತಡವಾದರೆ ಟಿಕೆಟ್ ದುಡ್ಡು ಹೋಯಿತು. ಊರೊಳಗೆ ಮನೆ ಇರುವವರಿಗೆ ಈ ತಲೆಬಿಸಿ ಇಲ್ಲ, ಅವರಿಗೆ ಈ ಆ್ಯಪ್ ಬರೀ ಟೈಮ್‌ಪಾಸ್.

ಹೊರಡುವ ದಿನ ಬೆಳಗ್ಗೆ ತಿಂಡಿ ಮುಗಿಸಿ, ಕಾಫಿ ಲೋಟ ಹಿಡಿದು ಅಂಗಳದ ಮೂಲೆಗೆ ಹೋಗುತ್ತೇನೆ. ಕೊಟ್ಟಿಗೆ ಪಕ್ಕ ಮಾತ್ರ ನೆಟ್‌ವರ್ಕ್ ಸಿಗುವುದು. ಟಿಕೆಟ್‌ನಲ್ಲಿರುವ ಫ್ಲೈಟ್ ನಂಬರ್ ಹಾಕಿದರೆ ಇವತ್ತು ಯಾವ ವಿಮಾನ ಬರುತ್ತದೆ ಅಂತ ಅದರ ರಿಜಿಸ್ಟ್ರೇಷನ್ ತೋರಿಸುತ್ತದೆ. ನಮ್ಮ ದೇಶದ ವಿಮಾನ ಆದರೆ 'ವಿಟಿ' ಅಂತ ಶುರುವಾಗುತ್ತದೆ, ಆಮೇಲೆ ಮೂರು ಅಕ್ಷರ. ಅದರ ಮೇಲೆ ಒತ್ತಿದರೆ ಆ ವಿಮಾನದ ಇಡೀ ದಿನದ ಪಟ್ಟಿ ತೆರೆದುಕೊಳ್ಳುತ್ತದೆ. ಬೆಳಗ್ಗೆ ಎಲ್ಲಿಗೆ ಹೋಯಿತು, ಎಷ್ಟು ಹೊತ್ತಿಗೆ ಏರಬೇಕಿತ್ತು, ನಿಜವಾಗಿ ಏರಿದ್ದು ಎಷ್ಟಕ್ಕೆ, ಎಲ್ಲ ಅಲ್ಲೇ ಇರುತ್ತದೆ. ಎರಡು ಟ್ರಿಪ್ ಹಿಂದೆ ಮುಕ್ಕಾಲು ಗಂಟೆ ತಡ ಆಗಿದ್ದರೆ ನನ್ನ ಕಾಫಿ ಆರಾಮಾಗಿ ಮುಗಿಯುತ್ತದೆ.

ಅಪ್ಪಯ್ಯ ಜಗಲಿಯಿಂದಲೇ ಕೇಳುತ್ತಾರೆ, "ಎಲ್ಲಿಗ್ ಬಂತಾ ಅದು?"

"ಇನ್ನೂ ಹೈದರಾಬಾದ್ ಬಿಟ್ಟಿಲ್ಲ ಅಪ್ಪಯ್ಯ."

"ಹಂಗಾರೆ ಇನ್ನೊಂದ್ ಕವಳ ಹಾಕ್ಬೌದು."

ಇದು ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಶಿವಮೊಗ್ಗದಂಥ ಸಣ್ಣ ಏರ್‌ಪೋರ್ಟ್‌ನಲ್ಲಿ ಚೆನ್ನಾಗಿ, ಬೆಂಗಳೂರಿನಂಥ ದೊಡ್ಡದರಲ್ಲಿ ಅಷ್ಟಕ್ಕಷ್ಟೇ. ಕಾರಣ ಸರಳ. ನಮ್ಮಲ್ಲಿ ಬಂದ ವಿಮಾನವೇ ತಿರುಗಿ ಹೋಗಬೇಕು. ಬದಲಿಗೆ ಇನ್ನೊಂದು ನಿಂತಿರುವುದಿಲ್ಲ. ತಾಲ್ಲೂಕಿನ ಕಡೇ ಊರಿಗೆ ದಿನಕ್ಕೊಂದೇ ಬಸ್ಸು ಬಂದು ತಿರುಗಿದ ಹಾಗೆ, ಅದು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಂಗಳೂರಲ್ಲಾದರೆ ಒಂದು ವಿಮಾನ ಲೇಟಾದರೆ ಪಕ್ಕದಲ್ಲಿ ನಿಂತ ಇನ್ನೊಂದನ್ನು ಹಚ್ಚುತ್ತಾರೆ. ನೀವು ಬೆಳಗ್ಗೆಯಿಂದ ಹಿಂಬಾಲಿಸಿದ ವಿಮಾನ ಕೊನೆಗೆ ನಿಮ್ಮದೇ ಆಗಿರುವುದಿಲ್ಲ. ಅದಕ್ಕೇ ಬೆಂಗಳೂರಿಂದ ವಾಪಸ್ ಬರುವಾಗ ಹೊರಡುವ ಒಂದೂವರೆ ಗಂಟೆ ಮೊದಲು ರಿಜಿಸ್ಟ್ರೇಷನ್ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಇನ್ನೊಂದು ಅನುಕೂಲವೂ ಇದೆ. ಡಿಸೆಂಬರ್, ಜನವರಿಯಲ್ಲಿ ದಿಲ್ಲಿ ಮಂಜಿಗೆ ಸಿಕ್ಕ ಜೆಟ್‌ಗಳು ಇಡೀ ದೇಶದ ವೇಳಾಪಟ್ಟಿ ಕೆಡಿಸುತ್ತವೆ. ನಮ್ಮ ಕಡೆ ಬರುವ ಸಣ್ಣ ಪ್ರೊಪೆಲ್ಲರ್ ವಿಮಾನಗಳಾದ ಎಟಿಆರ್‌ಗಳು ದಕ್ಷಿಣದಲ್ಲೇ ಸುತ್ತುವುದರಿಂದ ದಿಲ್ಲಿ ಮುಖ ನೋಡುವುದು ಕಡಿಮೆ. ಆದರೆ ಬೆಂಗಳೂರಿನದ್ದೇ ಬೆಳಗಿನ ಮಂಜು ಇದೆಯಲ್ಲ, ದೇವನಹಳ್ಳಿ ಕಡೆ ಅದು ಬಿದ್ದ ದಿನ ಮೊದಲ ಟ್ರಿಪ್ ತಪ್ಪುತ್ತದೆ. ಸಂಜೆ ವಿಮಾನದವರೂ ಅದರ ಸಾಲ ತೀರಿಸಬೇಕು. ಹತ್ತು ನಿಮಿಷದ ತಡಕ್ಕೆಲ್ಲ ಹೆದರಬೇಕಾಗಿಲ್ಲ. ಬೆಂಗಳೂರು-ಶಿವಮೊಗ್ಗ ಗಾಳಿಯಲ್ಲಿ ಹೆಚ್ಚೂಕಡಿಮೆ 230 ಕಿ.ಮೀ., ಟಿಕೆಟ್‌ನಲ್ಲಿ ಅದಕ್ಕೆ ಕೊಟ್ಟ ಸಮಯದಲ್ಲಿ ಒಂದಿಷ್ಟು ಸಡಿಲ ಇಟ್ಟಿರುತ್ತಾರೆ. ಇಳಿಸಿ, ಹತ್ತಿಸಿ ಹೊರಡಲು ಎಟಿಆರ್‌ಗೆ ಅರ್ಧ ಗಂಟೆ ಹಿಡಿಯಿರಿ. ಹಿಂದಿನ ಬಾಗಿಲಲ್ಲಿ ಜನ, ಮುಂದೆ ಲಗೇಜು. ಬಂದು ಮುಟ್ಟುವ ಹೊತ್ತಿಗೆ ಈ ಅರ್ಧ ಗಂಟೆ ಸೇರಿಸಿದರೆ ನಿಮ್ಮ ನಿಜವಾದ ಸಮಯ ಸಿಕ್ಕಿತು.

ವಿಮಾನ ಕಂಪನಿಯ ಮೆಸೇಜ್ ವಿಷಯಕ್ಕೆ ಬಂದರೆ ಸಿಟ್ಟು ಬರುತ್ತದೆ. ಯಾವ ಕಂಪನಿ ಅಂತ ಬೇಡ. ವಿಮಾನ ಇನ್ನೂ ಬೇರೆ ರಾಜ್ಯದಲ್ಲಿ ನಿಂತಿರುವುದು ನನ್ನ ಫೋನಿನಲ್ಲಿ ಕಾಣುತ್ತಿದೆ, ಕೌಂಟರ್‌ನಲ್ಲಿರುವ ಹುಡುಗಿ ಮಾತ್ರ "ಸರ್, ಟೈಮ್‌ಗೆ ಸರಿಯಾಗಿದೆ" ಅಂತಾಳೆ. ಪಾಪ, ಅವಳ ಪರದೆಯಲ್ಲಿ ಹಾಗೇ ಇತ್ತೇನೋ. ಹತ್ತುವ ಹೊತ್ತು ಮೀರಿದ ಮೇಲೆ ಮೆಸೇಜ್ ಬಂತು, 'ಕಾರ್ಯಾಚರಣೆಯ ಕಾರಣ' ಅಂತ. ಅಷ್ಟರಲ್ಲಿ ಅಪ್ಪಯ್ಯನ ಇಡೀ ಸಾಲಿಗೆ ವಿಷಯ ಗೊತ್ತಾಗಿತ್ತು. ಅವರೇ ಎಲ್ಲರಿಗೂ ಫೋನ್ ತೋರಿಸಿ ಬಂದಿದ್ದರು.

ಈ ಮಾಹಿತಿ ಬರುವ ಬಗೆ ನನಗೆ ಭಾರೀ ಇಷ್ಟ. ವಿಮಾನ ತನ್ನ ಜಾಗ, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್‌ನಲ್ಲಿ ತಾನೇ ಕೂಗಿ ಹೇಳುತ್ತಾ ಹೋಗುತ್ತದೆ. ಎಡಿಎಸ್-ಬಿ ಅಂತಾರೆ. ಅದನ್ನು ಕೇಳಿಸಿಕೊಳ್ಳುವುದು ನಮ್ಮ ನಿಮ್ಮಂಥವರು ಮನೆ ಮೇಲೆ ಹಾಕಿದ ಸಣ್ಣ ಆಂಟೆನಾಗಳು. 2006ರಲ್ಲಿ ಸ್ವೀಡನ್‌ನ ಇಬ್ಬರು ವಿಮಾನದ ಹುಚ್ಚಿನವರು ಶುರು ಮಾಡಿದ ಕೆಲಸ ಇದು. ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಒಂದು ಯುಎಸ್‌ಬಿ ರಿಸೀವರ್ ಇಟ್ಟು ಮಾಹಿತಿ ಕಳಿಸಿದರೆ ಅವರ ದುಬಾರಿ ಪ್ಲಾನ್ ಪುಕ್ಕಟೆ. ಇದನ್ನು ಹೇಳಿದ್ದೇ ತಡ, ಅಪ್ಪಯ್ಯ "ಅಡಿಕೆ ಮರದ ತುದೀಗೆ ಕಟ್ಟಿರೆ ಆಗ್ತದನಾ?" ಅಂದರು. ಆಗಬಹುದು, ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಇರುವುದೇ ಅಪರೂಪ.

ಈ ಸಿಗ್ನಲ್‌ಗೆ ನೇರ ದೃಷ್ಟಿ ಬೇಕು. ಮಧ್ಯೆ ಗುಡ್ಡ ಬಂದರೆ ಕೇಳುವುದಿಲ್ಲ. ಎತ್ತರದಲ್ಲಿ ಹೋಗುವಾಗ ನಕ್ಷೆಯಲ್ಲಿ ಹಳದಿ ವಿಮಾನ ಚೆಂದ ಕಾಣುತ್ತದೆ, ಭದ್ರಾವತಿ ಕಡೆಯಿಂದ ತಗ್ಗಿಗೆ ಇಳಿಯುವಾಗ ಕೆಲವು ಸಲ ಮಾಯ. ಹೀಗೆ ಮರೆಯಾದಾಗ ಇಂಥ ಆ್ಯಪ್‌ಗಳು ಹಿಂದಿನ ವೇಗ ಹಿಡಿದು ಒಂದಿಷ್ಟು ದೂರ ಅಂದಾಜಿನಲ್ಲಿ ಚಿತ್ರ ಓಡಿಸುತ್ತವೆ. ಅದನ್ನೇ ನಂಬಿ 'ಇಳಿಯಿತು' ಅಂದುಕೊಳ್ಳಬಾರದು.

ಅದಕ್ಕಿಂತ ದೊಡ್ಡ ಕಿರಿಕಿರಿ ಜುಲೈನಲ್ಲಿ. ವಿಮಾನ ಬೆಂಗಳೂರಿನಿಂದ ನಿಮಿಷ ತಪ್ಪದೆ ಏರಿತು. ಪಟ್ಟಿಯಲ್ಲಿ ಹಸಿರು ಚುಕ್ಕೆ. ನಾವು ಮಂಡಗದ್ದೆ ದಾಟಿ, ಗಾಜನೂರು ದಾಟಿ, ಸಕ್ರೆಬೈಲು ಆನೆಗಳನ್ನೂ ನೋಡದೆ ಓಡಿಬಂದೆವು. ನೋಡಿದರೆ ಅದು ನಮ್ಮ ತಲೆ ಮೇಲೆ ಉದ್ದುದ್ದ ಸುತ್ತು ಹಾಕುತ್ತಿದೆ. ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಮೂತಿ ಪೂರ್ವಕ್ಕೆ ತಿರುಗಿಸಿ ವಾಪಸ್ ಹೋಯಿತು. ಮೋಡ ತಗ್ಗಿತ್ತು, ರನ್‌ವೇ ಕಾಣಲಿಲ್ಲ. 3,200 ಮೀಟರ್ ಉದ್ದ ಇದ್ದು ಏನು ಬಂತು, ಮೇಲಿಂದ ಕಾಣಬೇಕಲ್ಲ? ಅವತ್ತು ಅಪ್ಪಯ್ಯನನ್ನು ತಾಳಗುಪ್ಪದಿಂದ ಬರುವ ರಾತ್ರಿ ರೈಲಿಗೆ ಹತ್ತಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಮಾತಿಲ್ಲ.

ಬರುವ ವಿಮಾನವನ್ನು ಹಿಂಬಾಲಿಸಿದರೆ ಲೇಟ್ ಆಗುವುದು ಗೊತ್ತಾಗುತ್ತದೆ, ರದ್ದಾಗುವುದು ಗೊತ್ತಾಗುವುದಿಲ್ಲ. ಪೈಲಟ್‌ಗಳ ಡ್ಯೂಟಿ ಅವಧಿ ಮುಗಿದರೂ ಅಷ್ಟೇ. ವಿಮಾನ ಬಂದು ನಿಂತಿರುತ್ತದೆ, ಹಾರಿಸುವವರಿಲ್ಲ. ಮಲೆನಾಡಿನ ನಾಲ್ಕು ತಿಂಗಳ ಮಟ್ಟಿಗೆ ಈ ಆ್ಯಪ್ ಅರ್ಧ ಸತ್ಯ ಹೇಳುತ್ತದೆ ಅನ್ನಬೇಕು. ಆಗ ನಾನು ಎರಡು ಕೆಲಸ ಜಾಸ್ತಿ ಮಾಡುತ್ತೇನೆ. ಪುಕ್ಕಟೆ ಆವೃತ್ತಿಯಲ್ಲಿ ಹಿಂದಿನ 7 ದಿನದ ಇತಿಹಾಸ ಸಿಗುತ್ತದೆ, ಈ ವಾರ ಅದೇ ಫ್ಲೈಟ್ ಎಷ್ಟು ಸಲ ವಾಪಸ್ ಹೋಗಿದೆ ಅಂತ ಅದರಲ್ಲಿ ನೋಡುತ್ತೇನೆ. ಇನ್ನೊಂದು, ಭದ್ರಾವತಿಯಲ್ಲಿರುವ ಅತ್ತಿಗೆಗೆ ಫೋನ್. "ಅತ್ತಿಗೆ, ತಾರಸಿ ಮೇಲಿಂದ ಗುಡ್ಡ ಕಾಣ್ತದಾ ನೋಡಿ." ಕಾಣುತ್ತದೆ ಅಂದರೆ ಹೊರಡುತ್ತೇವೆ. ಯಾವ ಪ್ರೀಮಿಯಂ ಪ್ಲಾನ್‌ನಲ್ಲೂ ಈ ಸೌಲಭ್ಯ ಇಲ್ಲ.

ಬೇರೆ ಆ್ಯಪ್‌ಗಳ ಬಗ್ಗೆ ಎರಡು ಮಾತು. ಫ್ಲೈಟ್‌ಅವೇರ್‌ನಲ್ಲಿ 'ನನ್ನ ವಿಮಾನ ಈಗ ಎಲ್ಲಿದೆ' ಅಂತ ನೇರ ಕೊಂಡಿಯೇ ಇದೆ, ರಿಜಿಸ್ಟ್ರೇಷನ್ ಹುಡುಕುವ ತಾಪತ್ರಯ ಇಲ್ಲ. ಹೊಸಬರಿಗೆ ಅದೇ ಸುಲಭ. ಫ್ಲೈಟಿ ಈ ಕೆಲಸವನ್ನು ತಾನೇ ಮಾಡಿ ಹೇಳುತ್ತದಂತೆ, ಆದರೆ ಆ್ಯಪಲ್ ಫೋನ್ ಬೇಕು. ನನ್ನ ಬಜೆಟ್ ಅಲ್ಲ. ತಿಂಗಳಿಗೊಮ್ಮೆ ಹಾರುವವರಿಗೆ ದುಡ್ಡು ಕೊಟ್ಟು 90 ದಿನದ ಇತಿಹಾಸ ತೆಗೆದುಕೊಳ್ಳುವ ಅಗತ್ಯವೂ ಕಾಣುವುದಿಲ್ಲ.

ಆ್ಯಪ್ ತೋರಿಸಿದ ಸಮಯ ಹಿಡಿದು ಕೌಂಟರ್‌ನಲ್ಲಿ ಜಗಳ ಆಡಿ ಲಾಭ ಇಲ್ಲ. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಎರಡೂವರೆ ಗಂಟೆಯೊಳಗಿನ ಪ್ರಯಾಣಕ್ಕೆ 2 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾದರೆ ತಿಂಡಿ, ಊಟ ಕೊಡಬೇಕು. 6 ಗಂಟೆ ಮೀರಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ. ಲೆಕ್ಕ ಮಾತ್ರ ಕಂಪನಿಯ ಬಾಯಲ್ಲಿ ಬಂದ ಸಮಯದ್ದು. ಚೆಕ್-ಇನ್ ಕೌಂಟರ್ ಕೂಡ ಟಿಕೆಟ್‌ನಲ್ಲಿರುವ ಮೊದಲಿನ ವೇಳೆಗೇ ಮುಚ್ಚಬಹುದು, ವಿಮಾನ ಹೈದರಾಬಾದ್‌ನಲ್ಲೇ ಇದ್ದರೂ. ಹಾಗಾಗಿ ವೆಬ್ ಚೆಕ್-ಇನ್ ಮುಗಿದು ಕೈಚೀಲ ಒಂದೇ ಇರುವ ದಿನ ನಾವು ತಡವಾಗಿ ಹೊರಡುತ್ತೇವೆ. ಬೆಂಗಳೂರಿನ ತಂಗಿ ಮನೆಗೆ ಅಂತ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಕಟ್ಟಿಕೊಟ್ಟರೆ ಅದು ಲಗೇಜಿಗೇ ಹೋಗಬೇಕು. ಅವತ್ತು ಆ್ಯಪ್ ಏನೇ ಹೇಳಲಿ, ಬೇಗ ಹೊರಟುಬಿಡುತ್ತೇವೆ.