ಬಾಗಿಲು ತೆರೆದೇ ಇರುವ ಹಾಲ್‌ಗೆ ಯಾವ ಟಿವಿ? ಮಿನಿ ಎಲ್‌ಇಡಿ, ಓಎಲ್‌ಇಡಿ, ಸಾದಾ ಎಲ್‌ಇಡಿ ಹೋಲಿಕೆ

ಹಗಲು ಬೆಳಕು ಧಾರಾಳವಾಗಿ ಬರುವ ಹಾಲ್‌ಗೆ ನನ್ನ ಆಯ್ಕೆ ಮಿನಿ ಎಲ್‌ಇಡಿ, ಅಂದರೆ ಹಿಂಬದಿಯಲ್ಲಿ ಸಾವಿರಾರು ಪುಟ್ಟ ದೀಪಗಳಿರುವ ಟಿವಿ. ಡಬ್ಬದ ಮೇಲೆ ಆ ಹೆಸರು ಇದ್ದರೆ ಮಾತ್ರ ಸಾಲದು. ಇಡೀ ಸ್ಕ್ರೀನ್ ಬೆಳಗಿದಾಗಲೂ ಹೊಳಪು 500 ನಿಟ್ಸ್‌ಗಿಂತ (ನಿಟ್ಸ್ ಎಂದರೆ ಹೊಳಪಿನ ಅಳತೆ) ಕೆಳಗೆ ಇಳಿಯಬಾರದು, ಮುಂದಿನ ಗಾಜಿಗೆ ಪ್ರತಿಫಲನ ತಗ್ಗಿಸುವ ಲೇಪನ ಇರಬೇಕು. ಓಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಬಗೆ), ಸಾದಾ 4ಕೆ ಎಲ್‌ಇಡಿ, ಮಿನಿ ಎಲ್‌ಇಡಿ ಮೂರನ್ನೂ ತುಮಕೂರಿನ ಒಂದೇ ಹಾಲ್‌ನ ಒಂದೇ ಗೋಡೆಯ ಮೇಲೆ ನೋಡಿದ ಮೇಲೆ ಬರೆಯುತ್ತಿದ್ದೇನೆ. ಮೂರೂ 55 ಇಂಚಿನವು, ಸೋಫಾದಿಂದ ಒಂಬತ್ತು ಅಡಿ ದೂರ. ರೆಸಲ್ಯೂಶನ್, ಪೋರ್ಟು, ಆಪ್‌ಗಳ ವಿಷಯಕ್ಕೆ ಹೋಗುವುದಿಲ್ಲ. ಆ ಲೆಕ್ಕದಲ್ಲಿ ಇವು ಹೆಚ್ಚುಕಡಿಮೆ ಒಂದೇ.

ಹಾಲ್ ನಮ್ಮ ಕಡೆ ಎಲ್ಲರಿಗೂ ಪರಿಚಯವಿರುವಂಥದ್ದು. 30×40 ಸೈಟಿನ ಮನೆ, ಪೂರ್ವಕ್ಕೆ ತಲೆಬಾಗಿಲು, ಅದರ ಪಕ್ಕದಲ್ಲಿ ಐದಡಿಯ ಸ್ಲೈಡಿಂಗ್ ಕಿಟಕಿ, ಬಿಳಿ ಗೋಡೆ, ಮಿರಮಿರ ಮಿಂಚುವ ವಿಟ್ರಿಫೈಡ್ ಟೈಲ್ಸ್. ಟಿವಿ ಪಶ್ಚಿಮದ ಗೋಡೆಗೆ, ಅಂದರೆ ಬಾಗಿಲಿಗೆ ಎದುರು. ಬಾಗಿಲು ಬೆಳಗಿನಿಂದ ಸಂಜೆವರೆಗೆ ತೆರೆದೇ ಇರುತ್ತದೆ. ಟಿವಿ ನೋಡುವುದಕ್ಕೋಸ್ಕರ ಅದನ್ನು ಮುಚ್ಚಿ ಕೂರುವುದು ಈ ಊರಿನಲ್ಲಿ ನಡೆಯುವ ಮಾತಲ್ಲ.

ಇಂಥ ಹಾಲ್‌ನ ನಿಜವಾದ ಕಾಟ ಒಂದೇ: ಸ್ಕ್ರೀನ್ ಮೇಲೆ ಬಾಗಿಲು, ಕಿಟಕಿ ಕಾಣುವುದು. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಂಗಡಿಯಲ್ಲಿ ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಮನೆಗೆ ತಂದ ಮೇಲೆ ಇದೊಂದೇ ಕಣ್ಣಿಗೆ ಹೊಡೆಯುತ್ತದೆ.

ಲೇಪನವಿಲ್ಲದ ನುಣುಪು ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4% ಭಾಗವನ್ನು ಕನ್ನಡಿಯಂತೆ ವಾಪಸ್ಸು ಕಳಿಸುತ್ತದೆ. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕಿಟಕಿಯಾಚೆಯ ತಿಳಿ ಆಕಾಶದ ಹೊಳಪು 4,000 ನಿಟ್ಸ್ ಎಂದಿಟ್ಟುಕೊಳ್ಳಿ, ಅದರ 4% ಎಂದರೆ 160 ನಿಟ್ಸ್. ಸಾದಾ ಎಲ್‌ಇಡಿ ಟಿವಿಯೇ ಹೊರಡಿಸುವುದು 250ರಿಂದ 300 ನಿಟ್ಸ್. ಹಾಗಾಗಿ ಕಿಟಕಿ ಕಾಣುವ ಜಾಗದಲ್ಲಿ ಚಿತ್ರದ ಹೊಳಪು ಪ್ರತಿಬಿಂಬದ ಎರಡರಷ್ಟೂ ಇರುವುದಿಲ್ಲ. ಅಲ್ಲಿ ಕಪ್ಪು ಕೂದಲಿನ ಮುಖ ಬಂದರೆ ಕೂದಲಿನ ಬದಲು ಕಿಟಕಿಯ ಸರಳುಗಳು ಕಾಣುತ್ತವೆ. ಒಳ್ಳೆಯ ಲೇಪನ ಈ 4% ಅನ್ನು ಒಂದೂವರೆಗೆ ಇಳಿಸುತ್ತದೆ, ಅಂದರೆ ಅದೇ ಕಿಟಕಿ 60 ನಿಟ್ಸ್‌ಗೆ ಬರುತ್ತದೆ. ಈಗ ಮೂರನ್ನೂ ಪಕ್ಕಪಕ್ಕ ಇಡಿ. ಲೇಪನವಿರುವ ಓಎಲ್‌ಇಡಿ ಇಡೀ ಸ್ಕ್ರೀನ್ ಬೆಳಗಿದಾಗ 200 ನಿಟ್ಸ್ ಆಸುಪಾಸು: ಪ್ರತಿಬಿಂಬದ ಮೂರು ಪಟ್ಟು ಚಿಲ್ಲರೆ. ಲೇಪನವಿಲ್ಲದ ಮಿನಿ ಎಲ್‌ಇಡಿ 600 ನಿಟ್ಸ್ ಕೊಟ್ಟರೂ ಎದುರಿಗೆ 160 ನಿಂತಿರುತ್ತದೆ: ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆ. ಲೇಪನವಿರುವ ಮಿನಿ ಎಲ್‌ಇಡಿ: ಹತ್ತು ಪಟ್ಟು. ಹೊಳಪು ಮತ್ತು ಲೇಪನ ಎರಡೂ ಸೇರಿದಾಗ ಮಾತ್ರ ಕಾಟ ತಪ್ಪುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ದುಡ್ಡು ಸುರಿದರೆ ಅರ್ಧ ಕೆಲಸವೇ.

ಪೂರ್ವ ಬಾಗಿಲಿನ ಮನೆಯವರು ಬೆಳಗ್ಗೆ ಮಾತ್ರ ತೊಂದರೆ ಎಂದುಕೊಳ್ಳುತ್ತಾರೆ. ಮಧ್ಯಾಹ್ನದ ಮೇಲೆ ಅದಕ್ಕಿಂತ ಕಷ್ಟ. ರಸ್ತೆಯಾಚೆಯ ಎದುರು ಮನೆಯ ಮುಂಗೋಡೆಗೆ ಪಶ್ಚಿಮದ ಬಿಸಿಲು ನೇರ ಬೀಳುತ್ತದೆ. ಗೋಡೆ ಬಿಳಿ ಬಣ್ಣದ್ದಾದರೆ ಅದರ ಹೊಳಪು 10,000 ನಿಟ್ಸ್ ದಾಟಬಹುದು, ಅದು ತೆರೆದ ಬಾಗಿಲ ಮೂಲಕ ಸೀದಾ ನಿಮ್ಮ ಟಿವಿಯೊಳಗೆ ಬಂದು ಕೂರುತ್ತದೆ. ಐಪಿಎಲ್‌ನ ಮಧ್ಯಾಹ್ನದ ಪಂದ್ಯ ಶುರುವಾಗುವುದು 3.30ಕ್ಕೆ, ಸರಿಯಾಗಿ ಇದೇ ಹೊತ್ತಿಗೆ. ಇನ್ನು ಪಶ್ಚಿಮ ಬಾಗಿಲಿನ ಮನೆಯಲ್ಲಿ ಬಾಗಿಲಿಗೆ ಎದುರು ಟಿವಿ ಇದ್ದರೆ, ಎರಡನೇ ಇನಿಂಗ್ಸ್ ಹೊತ್ತಿಗೆ ಇಳಿಬಿಸಿಲೇ ಸ್ಕ್ರೀನ್ ಮೇಲೆ ಬೀಳುತ್ತದೆ. ಅದಕ್ಕೆ ಯಾವ ಟಿವಿಯೂ ಔಷಧವಲ್ಲ, ಗೋಡೆ ಬದಲಿಸಿ. ನೇರ ಬಿಸಿಲು ಪ್ಯಾನೆಲನ್ನು ಕಾಯಿಸುತ್ತದೆ, ಸಾಮಾನ್ಯವಾಗಿ ಟಿವಿಗಳಿಗೆ 40 ಡಿಗ್ರಿವರೆಗಿನ ಕೋಣೆಯ ತಾಪವೇ ಮಿತಿ.

ಕಾಲವನ್ನೂ ಗಮನಿಸಿ. ತುಮಕೂರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಸೂರ್ಯ ಮುಳುಗುವ ಜಾಗ ಡಿಸೆಂಬರ್‌ನಿಂದ ಜೂನ್‌ಗೆ ಸುಮಾರು 48 ಡಿಗ್ರಿ ಸರಿಯುತ್ತದೆ. ಜನವರಿಯಲ್ಲಿ ನೋಡಿ "ಇಲ್ಲಿ ಬೆಳಕು ಹೊಡೆಯುವುದಿಲ್ಲ" ಎಂದು ಗೋಡೆ ಕೊರೆದರೆ ಮೇ ತಿಂಗಳಲ್ಲಿ ಲೆಕ್ಕ ತಪ್ಪುತ್ತದೆ. ಉತ್ತರದ ಕಿಟಕಿ ಯಾವಾಗಲೂ ತಂಪು ಎನ್ನುವ ಮಾತೂ ಈ ನಾಲ್ಕು ತಿಂಗಳು ನಡೆಯುವುದಿಲ್ಲ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಮನೆಯಲ್ಲಿರುವ ಕನ್ನಡಿಯನ್ನು ಟಿವಿ ಬರುವ ಜಾಗದಲ್ಲಿ ಗೋಡೆಗೆ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ನೀವು ದಿನಾ ಕೂರುವ ಜಾಗದಲ್ಲಿ ಕೂತು, ಕನ್ನಡಿಯನ್ನು ನಾಲ್ಕು ಮೂಲೆಗೂ ನಡುವಿಗೂ ಸರಿಸಿ ನೋಡಿ. ಅದರಲ್ಲಿ ಏನು ಕಾಣುತ್ತದೋ ನಾಳೆ ಟಿವಿಯಲ್ಲೂ ಅದೇ. ಬೆಳಗ್ಗೆ ಒಂಬತ್ತು, ಮಧ್ಯಾಹ್ನ ಮೂರೂವರೆ, ರಾತ್ರಿ ಟ್ಯೂಬ್‌ಲೈಟ್ ಹಾಕಿದಾಗ, ಹೀಗೆ ಮೂರು ಹೊತ್ತು ನೋಡಿ. ದಿವಾನದ ಮೇಲೆ ಪಕ್ಕಕ್ಕೆ ಕೂರುವವರ ಜಾಗದಿಂದಲೂ ನೋಡಿ.

ಓಎಲ್‌ಇಡಿ

ಚಿತ್ರದ ಗುಣ ಮಾತ್ರ ನೋಡಿದರೆ, ಕತ್ತಲೆ ಕೋಣೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುತ್ತದೆ, ಕಪ್ಪು ಅಪ್ಪಟ ಕಪ್ಪು. ಆದರೆ ಹಗಲಿನ ಹಾಲ್‌ನಲ್ಲಿ ಕಪ್ಪಿನ ಮಟ್ಟವನ್ನು ಕೋಣೆಯ ಬೆಳಕೇ ತೀರ್ಮಾನಿಸುತ್ತದೆ. ಸ್ಕ್ರೀನ್ ಮೇಲೆ 300 ಲಕ್ಸ್ ಬೆಳಕು ಬಿದ್ದು ಅದರಲ್ಲಿ ಒಂದೂವರೆ ಪರ್ಸೆಂಟ್ ಚದುರಿ ಬಂದರೂ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ, ಚದುರಿದ್ದನ್ನು ನಿಟ್ಸ್‌ಗೆ ತರಲು ಸುಮಾರು ಮೂರರಿಂದ ಭಾಗಿಸಬೇಕು) ಸುಮಾರು ಒಂದೂವರೆ ನಿಟ್ಸ್ ಬೂದು ಕೂತುಬಿಡುತ್ತದೆ. ಓಎಲ್‌ಇಡಿಯ ಸೊನ್ನೆಗೂ ಒಳ್ಳೆಯ ಎಲ್‌ಇಡಿಯ 0.15ಕ್ಕೂ ಇರುವ ವ್ಯತ್ಯಾಸ ಅದರಡಿ ಮುಚ್ಚಿಹೋಗುತ್ತದೆ. ಹೆಚ್ಚಿನ ದುಡ್ಡು ಕೊಟ್ಟದ್ದು ಯಾವುದಕ್ಕೋ ಅದೇ ಹಗಲಲ್ಲಿ ಕಾಣುವುದಿಲ್ಲ. ಹೊರಬೆಳಕನ್ನು ತಡೆಯುವ ಪೋಲರೈಸರ್ ಹಾಳೆ ಇಲ್ಲದ ಕ್ಯೂಡಿ-ಓಎಲ್‌ಇಡಿ (ಬಣ್ಣಕ್ಕೆ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣ ಬಳಸುವ ಓಎಲ್‌ಇಡಿ) ಪ್ಯಾನೆಲ್‌ಗಳಲ್ಲಂತೂ ಬೆಳಕು ಬಿದ್ದರೆ ಕಪ್ಪು ತುಸು ನೇರಳೆ ಬೂದಿಗೆ ತಿರುಗುತ್ತದೆ.

ಇನ್ನೊಂದು, ಹೊಳಪು ಕುಗ್ಗುವುದು. ಜಾಹೀರಾತಿನಲ್ಲಿ ಬರೆಯುವ ಸಾವಿರ, ಒಂದೂವರೆ ಸಾವಿರ ನಿಟ್ಸ್ ಸ್ಕ್ರೀನ್‌ನ ಚಿಕ್ಕ ಭಾಗ ಮಾತ್ರ ಬೆಳಗಿದಾಗಿನದು. ಇಡೀ ಸ್ಕ್ರೀನ್ ಬೆಳಗಬೇಕಾದರೆ ವಿದ್ಯುತ್ತು, ಬಿಸಿ ಮಿತಿ ಮೀರದಿರಲೆಂದು ಟಿವಿ ತಾನೇ ಹೊಳಪು ಇಳಿಸುತ್ತದೆ. ಹಗಲಿನ ಕ್ರಿಕೆಟ್ ಅಂಥದ್ದೇ ಚಿತ್ರ: ಉದ್ದಕ್ಕೂ ಬಿಸಿಲಲ್ಲಿ ಮಿನುಗುವ ಹಸಿರು, ಬಿಳಿ ಬಟ್ಟೆ. ಬೆಳಗ್ಗೆ 9.30ರ ಟೆಸ್ಟ್ ಪಂದ್ಯದಲ್ಲಿ ಓಎಲ್‌ಇಡಿ ಮಂಕಾಗಿ ಕಾಣುವುದು ಇದಕ್ಕೇ.

ಮೂರನೆಯದು ಅಚ್ಚು ಉಳಿಯುವುದು. ಸುದ್ದಿ ವಾಹಿನಿಯ ಕೆಳಗಿನ ಕೆಂಪು ಪಟ್ಟಿ, ಮೂಲೆಯ ಲಾಂಛನ ದಿನಕ್ಕೆ ಐದಾರು ಗಂಟೆ ಅದೇ ಜಾಗದಲ್ಲಿ ನಿಂತರೆ ಅಲ್ಲಿಯ ಚುಕ್ಕೆಗಳು ಬೇಗ ಸವೆಯುತ್ತವೆ. ಹೊಳಪು ಏರಿಸಿದಷ್ಟೂ ಸವೆತ ಹೆಚ್ಚು. ಬೆಳಕಿನ ಹಾಲ್‌ನಲ್ಲಿ ಹೊಳಪನ್ನು ಪೂರ್ತಿ ಏರಿಸದೆ ನಿಮಗೆ ಗತಿಯಿಲ್ಲ.

ಸಾದಾ ಎಲ್‌ಇಡಿ, ಜೊತೆಗೆ ಕರ್ಟನ್

ಉಳಿದ ದುಡ್ಡಿನಲ್ಲಿ ದಪ್ಪ ಕರ್ಟನ್ ಹಾಕಿಸಿದರಾಯಿತು ಎನ್ನುವ ಲೆಕ್ಕ ಹಲವರದು. ಕಿಟಕಿಗೆ ಸರಿ, ಬಾಗಿಲಿಗೆ ಏನು ಮಾಡುತ್ತೀರಿ? ಮೇಲಾಗಿ ತೆಳು ಬಿಳಿ ಕರ್ಟನ್ ಹಾಕಿದರೆ ಬಿಸಿಲಿಗೆ ಅದೇ ಬೆಳಗಿ, ಕಿಟಕಿಯಷ್ಟು ಅಗಲದ ಬಿಳಿ ಮಚ್ಚೆಯಾಗಿ ಸ್ಕ್ರೀನ್ ಮೇಲೆ ಕೂರುತ್ತದೆ. ಹಾಕುವುದಾದರೆ ಒತ್ತು ನೇಯ್ಗೆಯ ಗಾಢ ಬಣ್ಣದ್ದೇ ಆಗಬೇಕು.

ಕ್ಯೂಎಲ್‌ಇಡಿ ಎಂಬ ಹೆಸರಿಗೆ ಮರುಳಾಗಬೇಡಿ. ಕ್ವಾಂಟಮ್ ಡಾಟ್ ಹಾಳೆ ಬಣ್ಣವನ್ನು ತಿಳಿಯಾಗಿಸುತ್ತದೆ, ಹಿಂದಿನ ದೀಪಗಳು ದುರ್ಬಲವಾಗಿದ್ದರೆ ಹೊಳಪು ಅಷ್ಟೇ. ಸಂಜೆ ಧಾರಾವಾಹಿಗೆ ಮಾತ್ರ ಟಿವಿ ಹಾಕುವ ಮನೆಗೆ ಸಾದಾ ಎಲ್‌ಇಡಿ ಸಾಕು.

ಅಂದಹಾಗೆ, ಮಕ್ಕಳಿರುವ ಮನೆಗೆಂದು ಟಿವಿ ಜೊತೆ ಮಾರುವ ಅಕ್ರಿಲಿಕ್ ಸ್ಕ್ರೀನ್ ಗಾರ್ಡ್ ಯಾವ ಟಿವಿಗೂ ಬೇಡ. ಅದರ ಮುಂದಿನ ಮೈ, ಹಿಂದಿನ ಮೈ ಎರಡೂ ತಲಾ 4% ಪ್ರತಿಫಲಿಸುತ್ತವೆ. ಬಾಗಿಲು ಒಂದರ ಹಿಂದೆ ಒಂದು ಎರಡು ಸಲ ಕಾಣುತ್ತದೆ, ಕೊಟ್ಟ ದುಡ್ಡಿನ ಲೇಪನ ಗಾರ್ಡ್‌ನ ಹಿಂದೆ ವ್ಯರ್ಥ.

ಮಿನಿ ಎಲ್‌ಇಡಿ

ಹಿಂಬದಿಯಲ್ಲಿ ಸಾವಿರಾರು ಪುಟ್ಟ ಎಲ್‌ಇಡಿಗಳು, ನೂರಾರು ಗುಂಪುಗಳಾಗಿ ಬೇರೆಬೇರೆ ಬೆಳಗುತ್ತವೆ. ಹಗಲಿನ ಕ್ರಿಕೆಟ್‌ನಲ್ಲಿ ಹುಲ್ಲು ಹುಲ್ಲಿನ ಬಣ್ಣಕ್ಕೇ ಇರುತ್ತದೆ, ಬಾಗಿಲು ಮುಚ್ಚಬೇಕಿಲ್ಲ. ದೋಷಗಳೂ ಇವೆ. ರಾತ್ರಿ ದೀಪ ಆರಿಸಿ ನೋಡಿದರೆ ಕಪ್ಪಿನ ಮೇಲಿನ ಬಿಳಿ ಸಬ್‌ಟೈಟಲ್ ಸುತ್ತ ಮಸುಕು ಪ್ರಭೆ ಕಾಣುತ್ತದೆ. ವಿಎ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್ ಆದರೆ ದಿವಾನದ ತುದಿಯಲ್ಲಿ ಕೂತವರಿಗೆ ಬಣ್ಣ ತೆಳುವಾಗುತ್ತದೆ. ಪೂರ್ತಿ ಹೊಳಪಿನಲ್ಲಿ ವಿದ್ಯುತ್ತು ಜಾಸ್ತಿ ಎಳೆಯುತ್ತದೆ, ಇನ್ವರ್ಟರ್ ಮೇಲೆ ನಡೆಸುವವರು ಲೆಕ್ಕ ಹಾಕಿಕೊಳ್ಳಿ.

ಮಾದರಿ ಆರಿಸುವಾಗ ಪರೀಕ್ಷಾ ವರದಿಗಳಲ್ಲಿ "100% ವಿಂಡೋ" ಸಾಲಿನ, ಅಂದರೆ ಇಡೀ ಸ್ಕ್ರೀನ್ ಬೆಳಗಿದಾಗಿನ, ಅಂಕಿ ನೋಡಿ. 2%, 10% ವಿಂಡೋ ಅಂಕಿ ನಮ್ಮ ಕೆಲಸಕ್ಕೆ ಬಾರದು. ಲೇಪನ ತಿಳಿಯುವುದು ಅಂಗಡಿಯಲ್ಲಿ. ಬಿ.ಎಚ್. ರಸ್ತೆಯ ಅಂಗಡಿಯಾಗಲಿ, ಎಂ.ಜಿ. ರಸ್ತೆಯದಾಗಲಿ, ಟಿವಿ ಆಫ್ ಮಾಡಲು ಹೇಳಿ. ಆರಿದ ಸ್ಕ್ರೀನ್‌ನಲ್ಲಿ ಮೇಲಿನ ಟ್ಯೂಬ್‌ಲೈಟ್ ಅಚ್ಚ ಬಿಳಿಯಾಗಿ ಚೂಪಾಗಿ ಕಂಡರೆ ಲೇಪನ ಇಲ್ಲ ಅಥವಾ ನೆಪಕ್ಕಿದೆ. ಮಂದವಾಗಿ, ನೇರಳೆಯೋ ನೀಲಿಯೋ ಛಾಯೆಯಲ್ಲಿ ಕಂಡರೆ ಲೇಪನ ಇದೆ. ಮಂಜಿನಂತೆ ಹರಡಿದರೆ ಅದು ಮ್ಯಾಟ್: ಎದುರಿನ ಬಾಗಿಲಿನ ಆಕಾರ ಕಾಣುವುದಿಲ್ಲ, ಆದರೆ ಬೆಳಕು ಸ್ಕ್ರೀನ್ ತುಂಬ ಚದುರಿ ಕಪ್ಪು ಬೂದಾಗುತ್ತದೆ. ನನಗೆ ಅರೆ ಮ್ಯಾಟ್ ಹಿಡಿಸಿತು. ಆಮೇಲೆ ಟಿವಿಯನ್ನು ಅಂಗಡಿಗೆಂದೇ ಇರುವ ಸ್ಟೋರ್ ಮೋಡ್‌ನಿಂದ ಹೋಮ್ ಮೋಡ್‌ಗೆ ಹಾಕಿಸಿ, ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಕ್ರಿಕೆಟ್ ತುಣುಕು ಹಾಕಿ ನೋಡಿ.

ಮನೆಗೆ ಬಂದ ಮೇಲೆ ಮೊದಲು ಪವರ್ ಸೇವಿಂಗ್ ಆಫ್ ಮಾಡಿ; ಎಷ್ಟೋ ಟಿವಿಗಳು ಮಂಕಾಗಿರುವುದು ಅದರಿಂದಲೇ. ಬ್ಯಾಕ್‌ಲೈಟ್ ಪೂರ್ತಿ ಏರಿಸಿ, ಕಪ್ಪಿನ ಮಟ್ಟವನ್ನು ಮಾತ್ರ ಮುಟ್ಟಬೇಡಿ. ಅದನ್ನು ಏರಿಸಿದರೆ ಕಪ್ಪು ಬೂದಾಗುತ್ತದೆ, ಹೊಳಪು ಬರುವುದಿಲ್ಲ. ಗಾಮಾ (ನಡು ಛಾಯೆಗಳು ಎಷ್ಟು ತಿಳಿಯಾಗಿರಬೇಕು ಎಂಬ ಸೆಟ್ಟಿಂಗ್) ಹಗಲಿಗೆ 2.0 ಅಥವಾ 2.2, ರಾತ್ರಿಗೆ 2.4. ಹಿಂಬದಿಯ ದೀಪಗುಂಪುಗಳನ್ನು ಬೇರೆಬೇರೆ ತಗ್ಗಿಸುವ ಲೋಕಲ್ ಡಿಮ್ಮಿಂಗ್ ಹೈ. ಡಾಲ್ಬಿ ವಿಷನ್ ಇದ್ದರೆ ಹಗಲಿಗೆ ಬ್ರೈಟ್, ರಾತ್ರಿಗೆ ಡಾರ್ಕ್. ಒರೆಸಲು ಸ್ವಲ್ಪ ತೇವದ ಮೈಕ್ರೋಫೈಬರ್ ಬಟ್ಟೆ ಸಾಕು, ಕಿಟಕಿ ಗಾಜಿನ ಸ್ಪ್ರೇ ಲೇಪನವನ್ನು ಹಾಳುಮಾಡುತ್ತದೆ.

ಬೆಲೆ 55 ಇಂಚಿಗೆ ಸಾದಾ 4ಕೆ ಸುಮಾರು 30ರಿಂದ 45 ಸಾವಿರ, ಒಳ್ಳೆಯ ಮಿನಿ ಎಲ್‌ಇಡಿ 55ರಿಂದ 80 ಸಾವಿರ, ಓಎಲ್‌ಇಡಿ ಲಕ್ಷದ ಮೇಲೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28%ನಿಂದ 18%ಗೆ ಇಳಿದಿದೆ, ಹಾಗಾಗಿ ಅದಕ್ಕೂ ಹಿಂದಿನ ಬೆಲೆಗಳನ್ನಿಟ್ಟು ಹೋಲಿಸಬೇಡಿ. ಬೆಳಗ್ಗೆ ಸುದ್ದಿ, ಮಧ್ಯಾಹ್ನ ಕ್ರಿಕೆಟ್, ಸಂಜೆ ಟ್ಯೂಬ್‌ಲೈಟ್ ಹಾಕಿಕೊಂಡೇ ಧಾರಾವಾಹಿ, ಕೈಯಲ್ಲಿ 70 ಸಾವಿರ: ಈ ರೂಢಿಗೆ ಮಿನಿ ಎಲ್‌ಇಡಿ ಬಿಟ್ಟು ಬೇರೆಯದನ್ನು ನಾನು ಹೇಳಲಾರೆ. ರಾತ್ರಿ ಹತ್ತರ ಮೇಲೆ ದೀಪ ಆರಿಸಿ ಸಿನಿಮಾ ನೋಡುವುದೇ ಮುಖ್ಯವಾಗಿದ್ದರೆ ಓಎಲ್‌ಇಡಿಗೇ ಹೋಗಿ.

ಬಜೆಟ್‌ನಲ್ಲಿ ಎರಡು ಮೂರು ಸಾವಿರವನ್ನು ಪಕ್ಕಕ್ಕೆ ತಿರುಗುವ ವಾಲ್ ಬ್ರಾಕೆಟ್‌ಗೆ ಎತ್ತಿಡಿ. ಟಿವಿಯನ್ನು 10 ಡಿಗ್ರಿ ತಿರುಗಿಸಿದರೆ ಪ್ರತಿಬಿಂಬ 20 ಡಿಗ್ರಿ ಸರಿಯುತ್ತದೆ, ಹತ್ತಡಿ ದೂರದಲ್ಲಿ ಅದು ಮೂರೂವರೆ ಅಡಿ. ಬಾಗಿಲಿನ ಬದಲು ಪಕ್ಕದ ಗೋಡೆ ಕಾಣುವಂತೆ ಮಾಡಲು ಎಷ್ಟೋ ಸಲ ಅಷ್ಟೇ ಸಾಕು. ಸ್ಕೈಲೈಟ್ ಇರುವ ಮನೆಯಲ್ಲಿ ಟಿವಿಯ ಮೇಲಂಚನ್ನು ಐದು ಡಿಗ್ರಿ ಮುಂದಕ್ಕೆ ಬಾಗಿಸಿ. ಆದರೆ ಆಗ ಹೊಳೆಯುವ ನೆಲ ಕಾಣತೊಡಗಬಹುದು, ಟಿವಿ ಮುಂದೆ ಗಾಢ ಬಣ್ಣದ ಜಮಖಾನೆ ಹಾಸಿ. ಕಂಪನಿಯವರು ಬರುವಾಗ ತರುವುದು ಸಾಮಾನ್ಯವಾಗಿ ಅಲುಗದ ಬ್ರಾಕೆಟ್. ಅವರು ಗೋಡೆ ಕೊರೆದ ಮೇಲೆ ಬದಲಿಸುವುದೆಂದರೆ ಮತ್ತೆ ನಾಲ್ಕು ತೂತು, ಪುಟ್ಟಿ, ಬಣ್ಣ. ಹಾಗಾಗಿ ಟಿವಿಯ ವೆಸಾ ಅಳತೆ (ಹಿಂಬದಿಯ ಸ್ಕ್ರೂ ತೂತುಗಳ ನಡುವಿನ ಅಂತರ), ತೂಕ ನೋಡಿ ನಿಮ್ಮ ಬ್ರಾಕೆಟ್ ಮೊದಲೇ ತಂದಿಟ್ಟುಕೊಂಡು, ಅವರು ಬಂದ ದಿನ ಅದನ್ನೇ ಹಾಕಿಸಿ.