ನಮ್ಮ ಏರಿಯಾದ ಜಪಾನೀಸ್-ಚೈನೀಸ್ ಹೋಟೆಲ್: ಊಟಕ್ಕೆ ವಾರದ ದಿನ ಹೋಗಿ, ಭಾನುವಾರ ಬೇಡ

ಬೆಂಗಳೂರಿನ ಪೂರ್ವ ಭಾಗದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಈ ಹೋಟೆಲ್ ಇದೆ. ಕೋವಿಡ್‌ಗೂ ಮೊದಲಿಂದ ಹೋಗುತ್ತಿದ್ದೇವೆ. ಒಂದೇ ಅಡುಗೆಮನೆಯಲ್ಲಿ ಜಪಾನೀಸ್, ಚೈನೀಸ್ ಎರಡೂ ಮಾಡುತ್ತಾರೆ. ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, ಯಾವ ದಿನ ಹೋಗ್ತೀರಿ ಅಂತ. ವಾರದ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಹೋದರೆ ಒಳ್ಳೆಯ ಊಟ. ಭಾನುವಾರ ಎರಡು ಗಂಟೆಗೆ ಹೋದರೆ ಅದೇ ದುಡ್ಡಿಗೆ ಬೇರೆಯೇ ಊಟ.

ಇದಕ್ಕೆಲ್ಲ ಕಾರಣ ಅನ್ನ. ಜಪಾನೀ ಊಟಕ್ಕೆ ಗಿಡ್ಡ ಕಾಳಿನ, ಅಂಟಂಟಾಗುವ ಅಕ್ಕಿ ಬೇಕು. ಚಾಪ್‌ಸ್ಟಿಕ್‌ನಲ್ಲಿ ಹಿಡಿದರೆ ಒಂದು ತುತ್ತು ಒಟ್ಟಿಗೆ ಎದ್ದು ಬರಬೇಕು. ಅದು ಬಿಸಿಬಿಸಿ ಇದ್ದರೇ ಚೆಂದ. ಫ್ರೈಡ್ ರೈಸ್‌ಗೆ ಇದರ ಉಲ್ಟಾ. ಅನ್ನ ಮೊದಲೇ ಆಗಿ, ಆರಿ, ಒಂಚೂರು ಒಣಗಿರಬೇಕು. ರಾತ್ರಿ ಉಳಿದ ಅನ್ನದಲ್ಲಿ ಚಿತ್ರಾನ್ನ ಉದುರುದುರಾಗಿ ಬರುತ್ತಲ್ಲ, ಅದೇ ಲೆಕ್ಕ. ಭಾನುವಾರ ಜನ ಜಾಸ್ತಿ. ಆರಿಸಿಟ್ಟ ಅನ್ನ ಬೇಗ ಖಾಲಿಯಾಗುತ್ತದೆ. ಆಮೇಲೆ ಆಗಷ್ಟೇ ಬೆಂದ ಅನ್ನವನ್ನೇ ಬಾಣಲೆಗೆ ಸುರಿಯುತ್ತಾರೆ. ಗಾಜಿನ ಆಚೆ ಅಡುಗೆಮನೆ ಕಾಣುತ್ತದೆ, ಹಾಗಾಗಿ ಇದು ಊಹೆಯಲ್ಲ. ಆ ಫ್ರೈಡ್ ರೈಸ್ ತಟ್ಟೆಗೆ ಬರುವಾಗ ಮೆತ್ತಗೆ ಮುದ್ದೆಯಾಗಿರುತ್ತದೆ. ಬೆಂಟೊ, ಅಂದರೆ ಡಬ್ಬಿಯಲ್ಲೇ ಜೋಡಿಸಿ ಕೊಡುವ ಜಪಾನೀ ಊಟ, ಅದರದ್ದು ಇನ್ನೊಂದು ಕಥೆ. ರಶ್‌ಗೆ ಹೆದರಿ ಮುಂಚೆಯೇ ತುಂಬಿಟ್ಟಿರುತ್ತಾರೆ, ಅನ್ನ ತಣ್ಣಗಾಗಿ ಗಟ್ಟಿಯಾಗಿರುತ್ತದೆ.

ವಾರದ ದಿನದ ಸೆಟ್ ಊಟಕ್ಕೆ ಈಗ 600 ರೂಪಾಯಿ ಹತ್ತಿರ ಆಗುತ್ತದೆ. ಮೊದಲು 400ರೊಳಗೆ ಮುಗಿಯುತ್ತಿತ್ತು. ಅನ್ನ, ಮಿಸೊ ಸೂಪ್, ಒಂದಿಷ್ಟು ಸಲಾಡ್, ಉಪ್ಪಿನಕಾಯಿ, ಜೊತೆಗೆ ನಿಮಗೆ ಬೇಕಾದ ಒಂದು ಐಟಂ. ನನ್ನ ಆಯ್ಕೆ ಚಿಕನ್ ಕತ್ಸು ಕರಿ. ಬ್ರೆಡ್ ಪುಡಿ ಹಚ್ಚಿ ಕರಿದ ಚಿಕನ್, ಪಕ್ಕದಲ್ಲಿ ದಪ್ಪನೆಯ ಕಂದು ಗ್ರೇವಿ. ಈ ಕರಿ ನಮ್ಮ ದೇಶದಿಂದ ಬ್ರಿಟಿಷರ ಕೈಗೆ ಹೋಗಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಅವರಿಂದ ಜಪಾನಿಗೆ ಹೋದದ್ದು. ಮೈದಾ ಹುರಿದು ಗಟ್ಟಿ ಮಾಡುತ್ತಾರೆ, ಸ್ವಲ್ಪ ಸಿಹಿ. ಖಾರ ಅಂತ ಕಾಯಬೇಡಿ. ನಮ್ಮ ಯಜಮಾನರು ಮಾತ್ರ ಇವತ್ತಿಗೂ ಹಸಿಮೆಣಸಿನಕಾಯಿ ಕೇಳುತ್ತಾರೆ. ಪಾಪ, ತಂದುಕೊಡುತ್ತಾರೆ.

ಗ್ಯೋಜಾ ತಪ್ಪಿಸಬೇಡಿ, ಮೋಮೊ ಥರ ಹೂರಣ ತುಂಬಿದ ಕಡುಬು ಅದು. ಚೀನಾದ ಜ್ಯಾವ್‌ಜ಼ ಜಪಾನಿಗೆ ಹೋಗಿ ಗ್ಯೋಜಾ ಆಗಿದೆ. ರಾಮೆನ್ ಕೂಡ ಹಾಗೇ ಚೀನಾದಿಂದ ಹೋದ ಶಾವಿಗೆ. ಹಾಗಾಗಿ ಎರಡು ದೇಶದ ಅಡುಗೆ ಒಂದೇ ಬೋರ್ಡಿನ ಕೆಳಗಿರುವುದು ನನಗೇನೂ ವಿಚಿತ್ರ ಅನಿಸುವುದಿಲ್ಲ. ಇಲ್ಲಿ ಗ್ಯೋಜಾ ಮಾಡುವುದನ್ನು ನೋಡುವುದೇ ಚೆಂದ. ಕಾದ ಕಾವಲಿಗೆ ಎಣ್ಣೆ ಬಿಟ್ಟು ಸಾಲಾಗಿ ಕೂರಿಸುತ್ತಾರೆ. ತಳ ಹೊಂಬಣ್ಣಕ್ಕೆ ಬಂದ ಮೇಲೆ ನೀರು ಹಾಕಿ ಚೊಯ್ ಅನ್ನುತ್ತಿದ್ದಂತೆ ಮುಚ್ಚಳ ಮುಚ್ಚುತ್ತಾರೆ. ನೀರೆಲ್ಲ ಇಂಗಿದ ಮೇಲೆ ಬೋರಲು ಹಾಕಿ ತರುತ್ತಾರೆ. ತಳ ಗರಿಗರಿ, ಮೇಲೆ ಮೆತ್ತಗೆ. ಎಲೆಕೋಸು, ಅಣಬೆ ಹಾಕಿದ ವೆಜ್ ಗ್ಯೋಜಾವೂ ಚಿಕನ್‌ನದ್ದಕ್ಕೆ ಕಡಿಮೆಯಿಲ್ಲ.

ಸಸ್ಯಾಹಾರಿಗಳು ಮಾತ್ರ ಒಂದು ವಿಷಯದಲ್ಲಿ ಹುಷಾರಾಗಿರಿ. ಮಿಸೊ ಅಂದರೆ ಹುದುಗಿಸಿದ ಸೋಯಾ, ಅದರಲ್ಲಿ ತಕರಾರಿಲ್ಲ. ಆದರೆ ಸೂಪಿನ ತಿಳಿ ಇದೆಯಲ್ಲ, ದಾಶಿ, ಅದನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನ ಚೂರಿನಿಂದ ಮಾಡುತ್ತಾರೆ. ಇಲ್ಲಿ ವೆಜ್ ಸೆಟ್‌ನ ಮುಂದೆ ಹಸಿರು ಚುಕ್ಕಿ ಹಾಕಿದ್ದರು. ಆದರೆ ಆಗ ಸೂಪ್ ಎಲ್ಲರಿಗೂ ಒಂದೇ ಪಾತ್ರೆಯದ್ದಾಗಿತ್ತು. ಒಂದು ಸಲ ನಮ್ಮತ್ತೆ ಒಂದು ಗುಟುಕು ಕುಡಿದು, ಬಟ್ಟಲು ಪಕ್ಕಕ್ಕಿಟ್ಟು, "ಏನಪ್ಪಾ, ಇದರಲ್ಲಿ ಮೀನು ಇದೆಯಾ?" ಅಂತ ಕೇಳಿದರು. ಹುಡುಗ "ಇಲ್ಲಮ್ಮ, ವೆಜ್ಜೇ" ಅಂದ. ಒಳಗೆ ಹೋಗಿ ವಿಚಾರಿಸಿ ಬಂದವನ ಮುಖ ಸಪ್ಪೆಯಾಗಿತ್ತು. ಅವತ್ತು ನನಗೆ ಬಂದ ಕೋಪಕ್ಕೆ ಇವರಿಗೆ ಒಂದೇ ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಆದರೆ ಮ್ಯಾನೇಜರ್ ವಾದ ಮಾಡಲಿಲ್ಲ, ಕ್ಷಮೆ ಕೇಳಿದರು. ಈಗ ವೆಜ್ ಸೂಪಿಗೆ ಕೊಂಬು ಅನ್ನುವ ಒಣ ಕಡಲಪಾಚಿ, ಶಿಟಾಕೆ ಅಣಬೆ ಹಾಕಿ ಬೇರೆ ಪಾತ್ರೆಯಲ್ಲಿ ತಿಳಿ ಮಾಡುತ್ತಾರೆ. ಆದರೂ ನಾನು ಪ್ರತಿ ಸಲ ಕೇಳುತ್ತೇನೆ. ಚೈನೀಸ್ ಕಡೆ ಆರ್ಡರ್ ಮಾಡಿದರೆ ಆಯ್ಸ್ಟರ್ ಸಾಸ್, ಅಂದರೆ ಕಡಲ ಚಿಪ್ಪುಜೀವಿಯಿಂದ ಮಾಡುವ ಸಾಸ್, ಅದರ ಬಗ್ಗೆಯೂ ಕೇಳಿ. ಬರೀ ತರಕಾರಿ ಪಲ್ಯದಂತೆ ಕಾಣುವ ಐಟಂನಲ್ಲೂ ಅದು ಇರಬಹುದು.

ಗೋಬಿ ಮಂಚೂರಿ ಇಲ್ಲೂ ಇದೆ, ಇರಲೇಬೇಕಲ್ವಾ? 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ಇವರ ಮಂಚೂರಿಯ ಕೆಂಪು ಇಳಿದು ಕಂದು ಬಣ್ಣಕ್ಕೆ ಬಂದಿದೆ. ರುಚಿ ಏನೂ ಕಡಿಮೆಯಾಗಿಲ್ಲ. ಮಕ್ಕಳು ಮಾತ್ರ ಮೊದಲು ಮೂಗು ಮುರಿದರು. ಸುಶಿ ಸುಮಾರು. ಸೌತೆಕಾಯಿ, ಆವಕಾಡೊ ರೋಲ್ ಪರವಾಗಿಲ್ಲ. ಅಷ್ಟು ದುಡ್ಡು ಕೊಟ್ಟು ಹಸಿ ಮೀನಿನ ಸುಶಿ ತಿನ್ನುವ ಜಾಗ ಇದಲ್ಲ.

ಬಿಲ್ ಬಂದಾಗ ಕೊನೆಯ ಸಾಲು ಓದಿ. ಶೇ 5 ಜಿಎಸ್‌ಟಿ ಸರಿ. ಅದರ ಮೇಲೆ ಶೇ 10 ಸರ್ವಿಸ್ ಚಾರ್ಜ್ ಕೇಳದೆಯೇ ಸೇರಿಸಿರುತ್ತಾರೆ. ಹಾಗೆ ತಾವಾಗಿಯೇ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬೇಡ ಅಂದರೆ ಇಲ್ಲಿ ಮರುಮಾತಿಲ್ಲದೆ ತೆಗೆಯುತ್ತಾರೆ. ಆದರೆ ಪ್ರತಿ ಸಲ ನಾವೇ ಹೇಳಬೇಕು, ಅದು ನನಗೆ ಕಿರಿಕಿರಿ. ಆ ದುಡ್ಡನ್ನು ಬಡಿಸಿದ ಹುಡುಗನ ಕೈಗೇ ಕೊಡುತ್ತೇನೆ.

ಪಾರ್ಸೆಲ್ ತರಿಸುವುದಾದರೆ ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರಾ, ರಾಮೆನ್ ಎರಡೂ ಬೇಡ. ಡಬ್ಬಿಯೊಳಗಿನ ಹಬೆಗೆ ಟೆಂಪುರಾ ಮೆತ್ತಗಾಗುತ್ತದೆ, ರಾಮೆನ್ ಶಾವಿಗೆ ಸೂಪೆಲ್ಲ ಹೀರಿ ಊದಿಕೊಳ್ಳುತ್ತದೆ. ಕತ್ಸು ಕರಿ ತರಿಸಿ, ಗ್ರೇವಿ ಬೇರೆ ಕಟ್ಟಿಕೊಡಿ ಅಂತ ಆರ್ಡರ್‌ನಲ್ಲೇ ಬರೆಯಿರಿ.