ಗೋಡೆ ಒಡೆಯದೆ ಕೇಬಲ್ ಎಳೆಯಲು ನೈಲಾನ್ ಸ್ಪ್ರಿಂಗ್: ಮನೆಯಲ್ಲಿ ಬಳಸಿ ನೋಡಿದ ಮೇಲೆ

ಹಳೆಯ ಮನೆಯಲ್ಲಿ ಗೋಡೆಯೊಳಗಿನ ಪೈಪಿಗೆ ಹೊಸ ಕೇಬಲ್ ಹಾಕಬೇಕು ಅಂತಿದ್ದರೆ ಒಂದು ನೈಲಾನ್ ಸ್ಪ್ರಿಂಗ್ ತಂದಿಟ್ಟುಕೊಳ್ಳಿ. ಪೈಪಿನ ಒಂದು ಬಾಯಿಂದ ತೂರಿಸಿ, ಹಿಂದಿನ ತುದಿಗೆ ಕೇಬಲ್ ಕಟ್ಟಿ, ಇನ್ನೊಂದು ಬಾಯಿಂದ ಎಳೆದುಕೊಳ್ಳುವ ಉದ್ದನೆಯ ನೈಲಾನ್ ತಂತಿ ಅದು. ದುಡ್ಡು ದಂಡ ಆಗುವುದಿಲ್ಲ. ಆದರೆ ಅದರಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಅಂತ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಫಿಶ್ ವೈರ್ ಅಂದರೂ ಕೊಡುತ್ತಾರೆ, ಕೇಬಲ್ ಪುಲ್ಲರ್ ಅಂದರೂ ಕೊಡುತ್ತಾರೆ. ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ಅದು ಬರೀ ಸ್ಪ್ರಿಂಗ್. ನಾನು ಮೈಸೂರಿನ ಶಿವರಾಂಪೇಟೆಯಲ್ಲಿ ತೆಗೆದುಕೊಂಡದ್ದು 4 ಮಿಲಿಮೀಟರ್ ದಪ್ಪ, 20 ಮೀಟರ್ ಉದ್ದದ್ದು. ಬೆಲೆ 450 ರೂಪಾಯಿ. ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಸುರುಳಿ ಸುತ್ತಿ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊಟ್ಟರು. ಒಂದು ತುದಿಯಲ್ಲಿ ಬೆರಳುದ್ದದ ಬಳುಕುವ ಸ್ಪ್ರಿಂಗ್, ಅದರ ಮೂತಿಗೆ ಒಂದು ಗುಂಡನೆಯ ಹಿತ್ತಾಳೆ ಬೊಟ್ಟು. ಇನ್ನೊಂದು ತುದಿಯಲ್ಲಿ ತೂತಿರುವ ಹಿತ್ತಾಳೆ ತುಂಡು, ಕೇಬಲ್ ಕಟ್ಟುವುದಕ್ಕೆ. ಅಷ್ಟೇ ಸಾಮಾನು.

ನಮ್ಮ ಮನೆ ಕುವೆಂಪುನಗರದಲ್ಲಿದೆ, ತೊಂಬತ್ತರ ದಶಕದಲ್ಲಿ ಕಟ್ಟಿಸಿದ್ದು. ಫೈಬರ್ ಇಂಟರ್‌ನೆಟ್ ಬಾಕ್ಸ್ ಕೆಳಗೆ ಹಾಲಿನಲ್ಲಿ. ಮಗ ಕೂತು ಆಫೀಸ್ ಕೆಲಸ ಮಾಡುವುದು ಮಹಡಿಯ ರೂಮಿನಲ್ಲಿ. ನಡುವೆ ಕಬ್ಬಿಣ ತುಂಬಿದ ಆರ್‌ಸಿಸಿ ಛಾವಣಿ. ವೈಫೈ ಮೇಲೆ ಹೋಗುವಷ್ಟರಲ್ಲಿ ಸೊರಗಿಹೋಗುತ್ತಿತ್ತು. ಮೀಟಿಂಗ್ ನಡುವೆ ಅವನ ಮಾತು ತುಂಡು ತುಂಡಾಗಿ ಹೋಗುತ್ತಿತ್ತು. ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ವೈಫೈ ಎಕ್ಸ್‌ಟೆಂಡರ್ ಇಟ್ಟು ನೋಡಿದೆವು. ಸಿಗ್ನಲ್ ಕಡ್ಡಿಗಳು ಪೂರ್ತಿ ಕಾಣುತ್ತಿದ್ದವು, ಸ್ಪೀಡ್ ಮಾತ್ರ ಅರ್ಧಕ್ಕಿಂತ ಕಡಿಮೆ. ಕೇಬಲ್ಲೇ ಸರಿ ಅಂತ ತೀರ್ಮಾನ ಆಯಿತು.

ಮೊದಲು ಬಂದ ಒಬ್ಬರು ಎಲೆಕ್ಟ್ರಿಷಿಯನ್ ಹಾಲಿನಿಂದ ಮೆಟ್ಟಿಲ ಗೋಡೆವರೆಗೂ ಕೊರೆದು ಹೊಸ ಪೈಪ್ ಹಾಕಬೇಕು ಅಂದರು. ಗೋಡೆ ಕೊರೆದ ಮೇಲೆ ಪ್ಲಾಸ್ಟರ್, ಪುಟ್ಟಿ, ಪೇಂಟ್ ಎಲ್ಲಾ ಬರುತ್ತದೆ ಅಲ್ವಾ? ಖರ್ಚು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು. ನಮ್ಮ ಹಾಲಿನ ಟಿವಿ ಪಾಯಿಂಟ್‌ನಿಂದ ಮಹಡಿ ರೂಮಿನ ಮೂಲಕ ಟೆರೇಸ್‌ಗೆ ಹಳೆಯ ಕೇಬಲ್ ಟಿವಿ ಪೈಪ್ ಒಂದು ಆಗಲೇ ಇತ್ತು. ಮುಕ್ಕಾಲು ಇಂಚಿನದು. ಒಳಗೆ ಒಂದೇ ಒಂದು ಕಪ್ಪು ಟಿವಿ ಕೇಬಲ್, ಈಗ ಅದಕ್ಕೆ ಕೆಲಸವೇ ಇಲ್ಲ. ಆ ಪೈಪಿನಲ್ಲಿ ಜಾಗ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಲೆಕ್ಕ ಸುಲಭ. ಪೈಪಿನ ಒಳ ಅಗಲ ಹೆಚ್ಚುಕಡಿಮೆ 16 ಮಿಲಿಮೀಟರ್. ಟಿವಿ ಕೇಬಲ್ 7, ನಾವು ಹಾಕಬೇಕಿದ್ದ ಕ್ಯಾಟ್ 6 ಅನ್ನುವ ಇಂಟರ್‌ನೆಟ್ ಕೇಬಲ್ 6. ಹಿಡಿಯುತ್ತದೆ, ಆದರೆ ಬಿಗಿ.

ಇಂಥ ಕಡೆ ಹಳೆಯ ಕೇಬಲ್ಲನ್ನೇ ಹಗ್ಗ ಮಾಡಿಕೊಂಡು ಹೊಸದನ್ನು ಎಳೆಯುವುದು ಎಲ್ಲಕ್ಕಿಂತ ಸುಲಭ. ಅದಕ್ಕೆ ಯಾವ ಸಾಧನವೂ ಬೇಡ. ನಮ್ಮಲ್ಲಿ ಅದು ಆಗಲಿಲ್ಲ. ಛಾವಣಿ ಹಾಕುವಾಗ ಪೈಪಿನ ಜಾಯಿಂಟ್ ಒಳಗೆ ಸಿಮೆಂಟ್ ಹಾಲು ಇಳಿದು ಗಟ್ಟಿಯಾಗಿತ್ತು. ಹಳೆಯ ಕೇಬಲ್ ಅದರ ಒರಟಿಗೆ ಸಿಕ್ಕಿಕೊಂಡು ಅಲ್ಲಾಡುತ್ತಲೇ ಇರಲಿಲ್ಲ. ಸ್ಪ್ರಿಂಗ್ ಬೇಕಾದದ್ದು ಇಲ್ಲೇ.

ನಮ್ಮ ಬೀದಿಯಲ್ಲೇ ಇರುವ ಇನ್ನೊಬ್ಬ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. ನಾನು ತಂದಿದ್ದ ಸ್ಪ್ರಿಂಗ್ ನೋಡಿ, “ಅಕ್ಕಾ, ಇದನ್ನ ಮೊದ್ಲು ಟೆರೇಸ್ ಮೇಲೆ ಬಿಸಿಲಲ್ಲಿ ಬಿಚ್ಚಿ ಹಾಕಿ, ಸುರುಳಿ ಬಿಡ್ಲಿ” ಅಂದ. ಇದು ಮುಖ್ಯವಾದ ಮಾತು. ಅಂಗಡಿಯಿಂದ ತಂದ ಹಾಗೇ ಪೈಪಿಗೆ ತೂರಿಸಿದರೆ ನೈಲಾನ್ ತನ್ನ ಹಳೆಯ ಸುರುಳಿಯನ್ನು ಬಿಡುವುದಿಲ್ಲ. ಒಳಗೆ ಹೋಗಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಬಿಸಿಲಿಗೆ ಉದ್ದಕ್ಕೆ ಹಾಸಿ, ಎರಡೂ ತುದಿಗೆ ಇಟ್ಟಿಗೆ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ನೆಟ್ಟಗಾಗಿತ್ತು.

ತಳ್ಳುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೆಲಸ ಕೆಡುವುದು ಅಲ್ಲೇ. ಸ್ಪ್ರಿಂಗನ್ನು ಮೇಲಿನಿಂದ ಕೆಳಕ್ಕೆ ಬಿಡಬೇಕು, ಅದರ ತೂಕವೇ ಅರ್ಧ ಕೆಲಸ ಮಾಡುತ್ತದೆ. ಕೈ ಪೈಪಿನ ಬಾಯಿಗೆ ತೀರಾ ಹತ್ತಿರ ಇರಬೇಕು. ಒಂದು ಗೇಣಿಗಿಂತ ಜಾಸ್ತಿ ಉದ್ದ ಹಿಡಿದು ತಳ್ಳಿದರೆ ನೈಲಾನ್ ನಡುವೆ ಬಾಗಿ ಬಲವೆಲ್ಲ ಅಲ್ಲೇ ಹೋಗುತ್ತದೆ. ಆ ಹುಡುಗ ಗೇಣು ಗೇಣಾಗಿ ಬಿಡುತ್ತಿದ್ದ. ಹಿತ್ತಾಳೆ ಬೊಟ್ಟು ಪ್ರತಿ ಜಾಯಿಂಟ್ ದಾಟುವಾಗಲೂ ಬೆರಳಿಗೆ ಟಕ್ ಅಂತ ಒಂದು ಸಣ್ಣ ಪೆಟ್ಟು ಗೊತ್ತಾಗುತ್ತದೆ. ನನ್ನ ಕೈಗೂ ಕೊಟ್ಟು ತೋರಿಸಿದ. ಸಿಮೆಂಟ್ ಗಂಟಿನ ಹತ್ತಿರ ನಿಂತಾಗ ಅವನು ಬಲ ಹಾಕಲಿಲ್ಲ. ಅರ್ಧ ಅಡಿ ಹಿಂದಕ್ಕೆ ತೆಗೆದು, ನೈಲಾನನ್ನು ಬೆರಳುಗಳ ನಡುವೆ ಬತ್ತಿ ಹೊಸೆದ ಹಾಗೆ ತಿರುಗಿಸುತ್ತಾ ಮತ್ತೆ ಬಿಟ್ಟ. ಮೂತಿ ಪಕ್ಕಕ್ಕೆ ಹೊರಳಿ ಹಳೆಯ ಕೇಬಲ್ ಮಗ್ಗುಲಲ್ಲಿ ದಾರಿ ಮಾಡಿಕೊಂಡಿತು. ಮುಂದಿನ ಬಳುಕುವ ತುಂಡು ಇಲ್ಲದ ಬರೀ ತಂತಿಯಾಗಿದ್ದರೆ ಇದು ಆಗುತ್ತಿರಲಿಲ್ಲ. ಈ ಸಾಧನಕ್ಕೆ ಕೊಡುವ ದುಡ್ಡೆಲ್ಲ ಆ ಬೆರಳುದ್ದದ ತುಂಡಿಗೇ ಅಂತ ನನ್ನ ಅಭಿಪ್ರಾಯ.

ಮೂತಿ ಹಾಲಿನ ಟಿವಿ ಪಾಯಿಂಟ್ ಬಾಕ್ಸಿನಲ್ಲಿ ಕಾಣಿಸಿಕೊಂಡಿತು. ಇನ್ನು ಮಹಡಿಯಲ್ಲಿ ಉಳಿದ ತೂತಿನ ತುದಿಗೆ ಕೇಬಲ್ ಕಟ್ಟುವ ಕೆಲಸ. ಕ್ಯಾಟ್ 6 ಒಳಗೆ ನಾಲ್ಕು ಜೋಡಿ, ಒಟ್ಟು ಎಂಟು ತಂತಿ. ಹೊರಗಿನ ಹೊದಿಕೆಯನ್ನು ಒಂದು ಗೇಣು ಬಿಡಿಸಿ, ಎರಡು ಜೋಡಿಯನ್ನು ಬುಡದಲ್ಲೇ ಕತ್ತರಿಸಿದ. ಉಳಿದ ಎರಡು ಜೋಡಿಯನ್ನು ತೂತಿನಲ್ಲಿ ಪೋಣಿಸಿ ಹಿಂದಕ್ಕೆ ಮಡಚಿ ಹೊಸೆದ. ಮೇಲೆ ಇನ್ಸುಲೇಷನ್ ಟೇಪನ್ನು ಎಳೆದು ಎಳೆದು ಬಿಗಿಯಾಗಿ ಸುತ್ತಿದ. ಗಂಟು ಅನ್ನುವುದೇ ಇಲ್ಲ. ಜಾಯಿಂಟ್ ಮೇಲೆ ಬೆರಳು ಸವರಿದರೆ ಎಲ್ಲೂ ತಡೆಯಬಾರದು, ಕೇಬಲ್ಲಿಗಿಂತ ಅದು ದಪ್ಪ ಇರಬಾರದು. ಕೆಲವರು ಕೇಬಲ್ಲನ್ನು ಹಾಗೇ ಮಡಚಿ ಗಂಟು ಹಾಕುತ್ತಾರೆ. ಅದು ಮೊದಲ ಎಲ್ಬೋದಲ್ಲೇ, ಅಂದರೆ ಪೈಪ್ ಮೂಲೆಯ ಹಾಗೆ ತಿರುಗುವ ಕಡೆಯಲ್ಲೇ, ಸಿಕ್ಕಿಕೊಳ್ಳುತ್ತದೆ.

ಎಳೆಯಲು ಇಬ್ಬರು ಬೇಕೇ ಬೇಕು. ಮೇಲೆ ಮಗ ಕೇಬಲ್ಲನ್ನು ನೆಲದ ಮೇಲೆ ಉದ್ದಕ್ಕೆ ಹಾಸಿಕೊಂಡು ಒಳಕ್ಕೆ ಬಿಡುತ್ತಿದ್ದ. ಕೆಳಗೆ ಹುಡುಗ ಎಳೆಯುತ್ತಿದ್ದ. ನಾನು ಮೆಟ್ಟಿಲ ಮೇಲೆ ನಿಂತು ಇಬ್ಬರ ನಡುವೆ ಕೂಗುತ್ತಿದ್ದೆ. “ಅಣ್ಣಾ, ನೀವು ತಳ್ಳಿದಾಗ್ಲೇ ನಾನು ಎಳೀತೀನಿ, ಸುಮ್ನೆ ಬಿಡಬೇಡಿ” ಅಂತ ಅವನು ಮೊದಲೇ ಹೇಳಿಬಿಟ್ಟಿದ್ದ. ಅದಕ್ಕೆ ಕಾರಣ ಇದೆ. ಇಂಟರ್‌ನೆಟ್ ಕೇಬಲ್ಲನ್ನು 11 ಕೆಜಿ ತೂಕಕ್ಕಿಂತ ಜಾಸ್ತಿ ಬಲದಿಂದ ಎಳೆಯಬಾರದು ಅಂತ ನಿಯಮ ಇದೆ. ಜಗ್ಗಿ ಎಳೆದರೆ ಒಳಗಿನ ಜೋಡಿಗಳ ಹೊಸೆತ ಹಿಗ್ಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಸ್ಪೀಡ್ ಮಾತ್ರ ಇಳಿದಿರುತ್ತದೆ. ಒಂದು ಗಿಗಾಬಿಟ್ ಸ್ಪೀಡ್ ಬರಬೇಕಾದರೆ ಎಂಟೂ ತಂತಿ ಸರಿ ಇರಬೇಕು. ನಾಲ್ಕು ಮಾತ್ರ ಕೆಲಸ ಮಾಡಿದರೆ 100 ಎಂಬಿಪಿಎಸ್‌ಗೆ, ಅಂದರೆ ಅದರ ಹತ್ತನೇ ಒಂದು ಭಾಗಕ್ಕೆ, ನಿಂತುಬಿಡುತ್ತದೆ. ಎಳೆದ ಮೇಲೆ ತುದಿಯ ಒಂದು ಅಡಿ ಕತ್ತರಿಸಿ ಬಿಸಾಡಬೇಕು, ಜಗ್ಗಿದ ಭಾಗ ಅದು. ಬಾಕ್ಸಿನೊಳಗೆ ಮಡಚುವಾಗಲೂ ಒಂದು ಇಂಚಿಗಿಂತ ಸಣ್ಣ ತಿರುವು ಬೇಡ.

ಜಾರಲಿ ಅಂತ ಪಕ್ಕದ ಮನೆಯವರು ತೆಂಗಿನೆಣ್ಣೆ ಹಚ್ಚಿ ಅಂದರು. ದಯವಿಟ್ಟು ಬೇಡ. ಎಣ್ಣೆ ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಗೆ ಒಳ್ಳೆಯದಲ್ಲ, ಧೂಳೂ ಅಂಟುತ್ತದೆ. ನಾವು ಮೈಗೆ ಹಾಕುವ ಪೌಡರ್ ಹಾಕಿದೆವು. ಹಳೆಯ ಬಟ್ಟೆಯಲ್ಲಿ ಪೌಡರ್ ಸುರಿದುಕೊಂಡು ಕೇಬಲ್ಲನ್ನು ಅದರೊಳಗಿಂದ ಹಾಯಿಸುತ್ತಾ ಬಿಟ್ಟರೆ ಸಾಕು.

ಕೊನೆಗೆ ಎಂಟೂ ತಂತಿ ಪರೀಕ್ಷಿಸುವ ಕೇಬಲ್ ಟೆಸ್ಟರ್ ಹಾಕಿದಾಗ ಒಂದರಿಂದ ಎಂಟರವರೆಗೆ ದೀಪಗಳು ವರಸೆಯಾಗಿ ಹತ್ತಿದವು. ಲ್ಯಾಪ್‌ಟಾಪ್‌ನಲ್ಲಿ 1 ಜಿಬಿಪಿಎಸ್, ಅಂದರೆ ಪೂರ್ತಿ ಒಂದು ಗಿಗಾಬಿಟ್, ಅಂತ ತೋರಿಸಿತು. ಮಗನಿಗೆ ಆದ ಸಂತೋಷಕ್ಕಿಂತ ನನಗೇ ಜಾಸ್ತಿ ಆಯಿತು. ಗೋಡೆಯ ಒಂದು ಚೂರು ಬಣ್ಣವೂ ಉದುರಿರಲಿಲ್ಲ.

ಈಗ ಸ್ಪ್ರಿಂಗಿನ ಕುಂದು. ನಾನು ಮೊದಲು ತಂದ ಸ್ಪ್ರಿಂಗ್‌ನಲ್ಲಿ ಹಿತ್ತಾಳೆ ತುಂಡು ನೈಲಾನಿಗೆ ಸರಿಯಾಗಿ ಒತ್ತಿ ಕೂರಿಸಿರಲಿಲ್ಲ. ಮನೆಗೆ ತಂದು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದಾಗಲೇ ಸಡಿಲ ಅಂತ ಗೊತ್ತಾಯಿತು. ಅಂಗಡಿಯವರು ಮಾತಿಲ್ಲದೆ ಬದಲಾಯಿಸಿಕೊಟ್ಟರು. ಪೈಪಿನ ನಡುವೆ ಅದು ಕಳಚಿಕೊಂಡಿದ್ದರೆ ಆ ಪೈಪೇ ಮುಚ್ಚಿಹೋಗುತ್ತಿತ್ತು. ನೀವು ಅಂಗಡಿಯಲ್ಲೇ ಎರಡೂ ತುದಿ ಎಳೆದು ನೋಡಿ ತೆಗೆದುಕೊಳ್ಳಿ.

ಎರಡನೆಯದು, ತಿರುವು ಜಾಸ್ತಿ ಇರುವ ಕಡೆ ನೈಲಾನ್ ಸೋಲುತ್ತದೆ. ಅದೇ ವಾರ ಬಚ್ಚಲುಮನೆಯ ಗೀಸರ್‌ಗೆ ದಪ್ಪನೆಯ 4 ಸ್ಕ್ವೇರ್ ಎಂಎಂ ವೈರ್ ಹಾಕುವುದಿತ್ತು. ಹಳೆಯದು ತೆಳ್ಳಗಿತ್ತು, ಪ್ಲಗ್ ಬಿಸಿಯಾಗುತ್ತಿತ್ತು. ಆ ಪೈಪಿನಲ್ಲಿ ಎಲ್ಬೋಗಳು. ಬೆಂಡ್ ಆದರೆ ಅಗಲವಾಗಿ ಸುತ್ತಿಬರುತ್ತದೆ, ಎಲ್ಬೋ ಥಟ್ಟನೆ ಮೂಲೆಯ ಹಾಗೆ ತಿರುಗುತ್ತದೆ. ನೈಲಾನ್ ಮೊದಲನೆಯದನ್ನು ದಾಟಿತು, ಎರಡನೆಯದರಲ್ಲಿ ನಿಂತಿತು. ಎಷ್ಟು ತಿರುಗಿಸಿದರೂ ಮುಂದೆ ಹೋಗಲಿಲ್ಲ. ಹುಡುಗ ತನ್ನ ಚಪ್ಪಟೆ ಸ್ಟೀಲ್ ಸ್ಪ್ರಿಂಗ್ ತಂದು ಮುಗಿಸಿದ. ಸ್ಟೀಲಿಗೆ ಗಟ್ಟಿತನ ಇದೆ, ತಳ್ಳಿದ ಬಲ ಮುಂದಿನ ತುದಿವರೆಗೂ ಹೋಗುತ್ತದೆ.

ಆದರೂ ಮನೆಯವರು ಸ್ಟೀಲ್ ಇಟ್ಟುಕೊಳ್ಳುವುದು ಬೇಡ ಅನ್ನುತ್ತೇನೆ. ಒಳಗೆ ಬೇರೆ ವೈರ್ ಇದ್ದರೆ ಸ್ಟೀಲಿನ ಅಂಚು ಅದರ ಇನ್ಸುಲೇಷನ್ ಕೆರೆಯಬಹುದು. ಎಲ್ಲೋ ಒಂದು ಕಡೆ ಕರೆಂಟ್ ಇದ್ದರೆ ನೇರ ಕೈಗೇ ಬರುತ್ತದೆ. ನೈಲಾನಿನ ತುದಿಯಲ್ಲೂ ಹಿತ್ತಾಳೆ ಇದೆ, ಅದನ್ನೂ ಮರೆಯಬೇಡಿ. ನಮ್ಮ ಕಡೆ ಮನೆಮನೆಯಲ್ಲೂ ಯುಪಿಎಸ್ ಇದೆ. ಮೇನ್ ಸ್ವಿಚ್ ಆಫ್ ಮಾಡಿದ ತಕ್ಷಣ ಅದು ಕರೆಂಟ್ ಹೋಯಿತು ಅಂದುಕೊಂಡು ಫ್ಯಾನ್, ಲೈಟ್ ಲೈನಿಗೆ ಕರೆಂಟ್ ಕೊಡಲು ಶುರು ಮಾಡುತ್ತದೆ. ಮೇನ್ ಆಫ್ ಮಾಡಿದ್ದೀವಲ್ಲ ಅಂತ ಬಾಕ್ಸಿಗೆ ಕೈ ಹಾಕಿದರೆ ಜೀವಕ್ಕೇ ಅಪಾಯ. ಯುಪಿಎಸ್ ಕೂಡ ಆಫ್ ಮಾಡಿ, ಕರೆಂಟ್ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮುಟ್ಟಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಇಂಟರ್‌ನೆಟ್ ಕೇಬಲ್ಲನ್ನು ಖಂಡಿತ ಹಾಕಬೇಡಿ. ಟಿವಿ ಪೈಪ್, ಟೆಲಿಫೋನ್ ಪೈಪ್ ಆದರೆ ಸರಿ. ಗೀಸರ್ ಲೈನಿನಂಥ ಕೆಲಸವನ್ನು ಬಲ್ಲವರ ಕೈಯಲ್ಲೇ ಮಾಡಿಸಿ.

ಪೈಪ್ ಪೂರ್ತಿ ಖಾಲಿ ಇದ್ದರೆ ಸ್ಪ್ರಿಂಗಿಗೂ ಮೊದಲು ಇನ್ನೊಂದು ಉಪಾಯ ಮಾಡಿ ನೋಡಬಹುದು. ತೆಳ್ಳನೆಯ ಪ್ಲಾಸ್ಟಿಕ್ ಕವರ್ ತುಂಡನ್ನು ಗಟ್ಟಿ ದಾರದ ತುದಿಗೆ ಕಟ್ಟಿ ಪೈಪಿನ ಒಂದು ಬಾಯಿಗೆ ಬಿಡಿ. ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ದಾರ ಎಳೆದುಕೊಂಡು ಬರುತ್ತದೆ. ಆ ದಾರದಿಂದ ಹಗ್ಗ, ಹಗ್ಗದಿಂದ ಕೇಬಲ್. ಒಳಗೆ ಹಳೆಯ ವೈರ್ ಇದ್ದರೆ ಕವರ್ ಅದಕ್ಕೇ ಸಿಕ್ಕಿಕೊಂಡು ನಿಲ್ಲುವುದೇ ಜಾಸ್ತಿ.

ಕೇಬಲ್ ಕೊಳ್ಳುವಾಗಲೂ ಒಂದು ನಿಮಿಷ ನಿಂತು ನೋಡಿ. ಕಡಿಮೆ ಬೆಲೆಗೆ ಸಿಗುವ ಕೆಲವು ಕ್ಯಾಟ್ 6 ಕೇಬಲ್ಲಿನಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ. ಬ್ಲೇಡಿನಲ್ಲಿ ತಂತಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಎಳೆಯುವಾಗ ಪಟ್ ಅಂತ ಕಿತ್ತುಬರುವುದು ಅಂಥದ್ದೇ. ಪೂರ್ತಿ ತಾಮ್ರದ್ದೇ ಬೇಕು ಅಂತ ಕೇಳಿ ತೆಗೆದುಕೊಳ್ಳಿ. ಇಷ್ಟು ಕಷ್ಟಪಟ್ಟು ಗೋಡೆಯೊಳಗೆ ಹಾಕಿದ ಮೇಲೆ ಮತ್ತೆ ಹೊರಗೆ ತೆಗೆಯುವ ಹಾಗಿರಬಾರದು.

ಉದ್ದದ ವಿಷಯಕ್ಕೆ ಬಂದರೆ, ಒಂದು ಮಹಡಿಯ ಮನೆಗೆ 15 ಮೀಟರ್ ಸಾಕು, ಇನ್ನೊಂದು ಮಹಡಿ ಇದ್ದರೆ 20. 30 ಮೀಟರಿನದು ಬಿಚ್ಚುವುದೂ ಸುತ್ತುವುದೂ ಕಷ್ಟ. 3 ಮಿಲಿಮೀಟರಿನ ತೆಳ್ಳನೆಯದು ಬೇಗ ಬಾಗುತ್ತದೆ, 4ರದ್ದೇ ಕೇಳಿ. ಕೆಲಸ ಮುಗಿದ ಮೇಲೆ ಬಿಗಿಯಾಗಿ ಸುತ್ತಿ ಡ್ರಾಯರಿಗೆ ತುರುಕಬೇಡಿ. ಸೈಕಲ್ ಚಕ್ರದಷ್ಟು ಅಗಲಕ್ಕೆ ಸುತ್ತಿ ಮೊಳೆಗೆ ನೇತುಹಾಕಿ. ನಮ್ಮದನ್ನು ಈಗ ಮೇಲಿನ ಬೀದಿಯವರು ಸಿಸಿಟಿವಿ ಕೇಬಲ್ ಎಳೆಯಲು ತೆಗೆದುಕೊಂಡು ಹೋಗಿದ್ದಾರೆ. ಅವರದು ಗೇಟಿನವರೆಗೂ ನೆಟ್ಟಗಿನ ಪೈಪ್, ಒಂದೇ ಬೆಂಡ್. ನೈಲಾನಿಗೆ ಹೇಳಿ ಮಾಡಿಸಿದ ಕೆಲಸ.